ಏಡಿಗಂತಿಯ ಆಳವನ್ನು ಅಳೆಯುವ ಧ್ವನಿ

ಹೊಲದಲ್ಲಿ ಗರಿಕೆಯನ್ನು ಕೀಳುವವನು ಮೇಲಿನ ಹುಲ್ಲನ್ನಷ್ಟೇ ಕಿತ್ತರೆ ಪ್ರಯೋಜನವಿಲ್ಲ. ಬೇರು ಎಷ್ಟು ಆಳಕ್ಕೆ ಇಳಿದಿದೆಯೆಂಬುದನ್ನು ಅವನು ಅರಿತಿರಬೇಕು. ಚರ್ಮದ ಏಡಿಗಂತಿಯನ್ನು, ಎಂದರೆ ಕ್ಯಾನ್ಸರನ್ನು, ಕತ್ತರಿಸಿ ತೆಗೆಯುವ ಶಸ್ತ್ರವೈದ್ಯನ ಸಮಸ್ಯೆಯೂ ಇಂಥದೇ.

ಚರ್ಮಕ್ಕೆ ಬಣ್ಣವನ್ನು ಕೊಡುವ ಜೀವಕೋಶಗಳಲ್ಲಿ ಹುಟ್ಟುವ ಏಡಿಗಂತಿಗೆ ಮೆಲನೋಮ ಎಂದು ಹೆಸರು. ಇದರಲ್ಲಿ ಗಂತಿಯ ಆಳವು ರೋಗಿಯ ಭವಿಷ್ಯವನ್ನು ಬಹುಮಟ್ಟಿಗೆ ಸೂಚಿಸುತ್ತದೆಂಬುದನ್ನು ಅಮೆರಿಕದ ಅಲೆಕ್ಸಾಂಡರ್ ಬ್ರೆಸ್ಲೋ ಎಂಬ ರೋಗವಿಜ್ಞಾನಿ 1970ರಲ್ಲಿ ತೋರಿಸಿಕೊಟ್ಟರು. ಆಳವು 1 ಮಿಲಿಮೀಟರನ್ನು ಮೀರದಿದ್ದರೆ ಸುತ್ತಲಿನ 1 ಸೆಂಟಿಮೀಟರು ಚರ್ಮವನ್ನು ಸೇರಿಸಿ ತೆಗೆಯುವುದು ಸಾಮಾನ್ಯವಾಗಿ ಸಾಕು. 2 ಮಿಲಿಮೀಟರನ್ನು ದಾಟಿದ್ದರೆ 2 ಸೆಂಟಿಮೀಟರು ಬೇಕಾಗುತ್ತದೆ. ಮುಖದ ಮೇಲಾಗಲಿ ಪಾದದ ಮೇಲಾಗಲಿ ಈ ಒಂದು ಸೆಂಟಿಮೀಟರಿನ ವ್ಯತ್ಯಾಸ ಅಲ್ಪವಲ್ಲ.

ಆದರೆ ನಿಖರವಾದ ಆಳ ತಿಳಿಯುವುದು ಯಾವಾಗ? ಗಂತಿಯನ್ನು ಕತ್ತರಿಸಿ ತೆಗೆದು, ತೆಳುವಾದ ಪದರಗಳಾಗಿ ಸೀಳಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ಅಳೆದ ಮೇಲೆ. ಆಗ ಅಂಚು ಸಾಲದೆಂದು ಕಂಡುಬಂದರೆ ಎರಡನೆಯ ಸಲ ಶಸ್ತ್ರಚಿಕಿತ್ಸೆ ಅನಿವಾರ್ಯ. ಕತ್ತರಿಸುವ ಮೊದಲೇ ಆಳದ ಅಂದಾಜನ್ನು ಕೊಡುವುದು ಶ್ರವಣಾತೀತ ಧ್ವನಿ.

ಸೆಕೆಂಡಿಗೆ 20,000ಕ್ಕಿಂತ ಹೆಚ್ಚು ಸಲ ಕಂಪಿಸುವ ಧ್ವನಿಯನ್ನು ನಮ್ಮ ಕಿವಿ ಕೇಳಲಾರದು. ಚರ್ಮದ ಪರೀಕ್ಷೆಗೆ ಬಳಸುವ ಧ್ವನಿಯಾದರೋ ಸೆಕೆಂಡಿಗೆ ಸುಮಾರು 2 ಕೋಟಿ ಸಲ, ಕೆಲವೊಮ್ಮೆ ಅದಕ್ಕೂ ಹೆಚ್ಚು ಸಲ, ಕಂಪಿಸುತ್ತದೆ. ಮೃದುವಾದ ಅಂಗಾಂಶದಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 1,540 ಮೀಟರು. ಆದುದರಿಂದ ಇದರ ಒಂದು ಅಲೆಯ ಉದ್ದ ಮಿಲಿಮೀಟರಿನ ಹದಿಮೂರನೆಯ ಒಂದು ಭಾಗ ಮಾತ್ರ. ಅಲೆ ಕಿರಿದಾದಷ್ಟೂ ಅದು ತೋರಿಸುವ ವಿವರ ಸೂಕ್ಷ್ಮವಾಗುತ್ತದೆ. ಇಂಥ ಧ್ವನಿ ದೇಹದೊಳಗೆ ಕೆಲವೇ ಮಿಲಿಮೀಟರುಗಳಷ್ಟು ಇಳಿಯುವುದು ನಿಜ. ಆದರೆ ಚರ್ಮಕ್ಕೆ ಅಷ್ಟು ಸಾಕಷ್ಟೆ.

1 ಮಿಲಿಮೀಟರು ಆಳಕ್ಕೆ ಹೋಗಿ ಪ್ರತಿಧ್ವನಿಯಾಗಿ ಹಿಂತಿರುಗಲು ಧ್ವನಿಗೆ ಸೆಕೆಂಡಿನ ಹತ್ತು ಲಕ್ಷದಲ್ಲಿ 1.3 ಭಾಗದಷ್ಟು ಕಾಲ ಹಿಡಿಯುತ್ತದೆ. ಯಂತ್ರವು ಈ ಕಾಲವನ್ನಳೆದು ಚಿತ್ರವನ್ನು ರಚಿಸುತ್ತದೆ. ಒಳಚರ್ಮದ ನಾರುಗಳು ಧ್ವನಿಯನ್ನು ಹೇರಳವಾಗಿ ಹಿಂದಿರುಗಿಸುವುದರಿಂದ ಅವು ಬೆಳ್ಳಗೆ ಕಾಣುತ್ತವೆ. ಒಂದೇ ಬಗೆಯ ಕೋಶಗಳು ಒತ್ತಾಗಿರುವ ಗಂತಿಯಾದರೋ ಕಪ್ಪಗೆ ತೋರುತ್ತದೆ. ಈ ಕಪ್ಪು ಎಲ್ಲಿಯವರೆಗೆ ಇಳಿದಿದೆಯೋ ಅದೇ ಗಂತಿಯ ಆಳ.

ಇದಕ್ಕೆ ಮಿತಿಗಳೂ ಇವೆ. ಗಂತಿಯ ಕೆಳಗೆ ಉರಿಯೂತವಿದ್ದರೆ ಅಥವಾ ಮೊದಲಿನಿಂದ ಮಚ್ಚೆಯಿದ್ದರೆ ಅದೂ ಕಪ್ಪಗೆ ಕಂಡು, ಆಳ ಇರುವುದಕ್ಕಿಂತ ಹೆಚ್ಚಾಗಿ ತೋರಬಹುದು. ಅಂಗಾಲಿನ ದಪ್ಪ ಹೊರಪದರ ಧ್ವನಿಯನ್ನು ಕುಗ್ಗಿಸುತ್ತದೆ. ಕಂಡದ್ದು ಏಡಿಗಂತಿಯೇ ಅಲ್ಲವೇ ಎಂಬುದನ್ನಂತೂ ಈ ಚಿತ್ರವೊಂದೇ ಹೇಳಲಾರದು; ಕೊನೆಯ ತೀರ್ಪು ಇಂದಿಗೂ ಸೂಕ್ಷ್ಮದರ್ಶಕದ್ದೇ.

ನಮ್ಮ ದೇಶದಲ್ಲಿ ಮೆಲನೋಮ ವಿರಳ. ಆದರೆ ಬಂದಾಗ ಅಂಗಾಲು, ಅಂಗೈ, ಉಗುರಿನ ಅಡಿ, ಇಂಥ ಎಡೆಗಳಲ್ಲಿಯೇ ಅದು ಹೆಚ್ಚಾಗಿ ಅಡಗಿರುತ್ತದೆ. ಅಲ್ಲಿ ಕಪ್ಪು ಕಲೆಯೊಂದು ಹೊಸದಾಗಿ ಮೂಡಿ ಬೆಳೆಯುತ್ತಿದ್ದರೆ, ಮುಳ್ಳು ಚುಚ್ಚಿದ ಗುರುತೆಂದು ಉಪೇಕ್ಷಿಸದೆ ವೈದ್ಯರಿಗೆ ತೋರಿಸತಕ್ಕದ್ದು. ಆಳವನ್ನು ಅಳೆಯುವ ಉಪಕರಣ ಎಷ್ಟೇ ಸೂಕ್ಷ್ಮವಾಗಿರಲಿ, ಗಂತಿ ಆಳಕ್ಕಿಳಿಯುವ ಮೊದಲೇ ಬಂದ ರೋಗಿಗೆ ಅದರಿಂದ ದೊರೆಯುವ ಸುದ್ದಿಯೇ ಒಳ್ಳೆಯ ಸುದ್ದಿ.