ಬ್ಯಾಕಪ್ ಪಟ್ಟಿಯಲ್ಲಿ ಕಾಣದ ಲ್ಯಾಪ್‌ಟಾಪ್: ಕಾರಣ ಪರಿಶೀಲಿಸುವ ಕ್ರಮ

(ಗ್ರಾಮ ಪಂಚಾಯತಿ ಸದಸ್ಯರ ಅಧ್ಯಯನಕ್ಕಾಗಿ)

ಪಾಠದ ಉದ್ದೇಶ: ಕಚೇರಿಯ ಲ್ಯಾಪ್‌ಟಾಪ್ ಬ್ಯಾಕಪ್ ತಂತ್ರಾಂಶಕ್ಕೆ ಗೋಚರಿಸದಿರಲು ಕಾರಣಗಳೇನೆಂಬುದನ್ನು ಅರಿಯುವುದು ಹಾಗೂ ಈ ಕುರಿತು ಸಾಮಾನ್ಯ ಸಭೆಯಲ್ಲಿ ಸೂಕ್ತ ಪ್ರಶ್ನೆಗಳನ್ನು ಕೇಳಲು ಸದಸ್ಯರನ್ನು ಸಿದ್ಧಗೊಳಿಸುವುದು.

ವಿಷಯ ಪ್ರವೇಶ

ಪಂಚತಂತ್ರ, ಇ-ಸ್ವತ್ತು ಮುಂತಾದ ತಂತ್ರಾಂಶಗಳಲ್ಲಿ ದಾಖಲಾದ ಮಾಹಿತಿಯು ಕಚೇರಿಯ ಹೊರಗಿನ ಸರ್ವರ್‌ಗಳಲ್ಲಿ ಇರುತ್ತದೆ. ಆದರೆ ನಡವಳಿಯ ಕರಡು, ಕಾಮಗಾರಿಗಳ ಛಾಯಾಚಿತ್ರ, ಗ್ರಾಮ ಸಭೆಯಲ್ಲಿ ಸ್ವೀಕರಿಸಿದ ಅರ್ಜಿಗಳ ಪಟ್ಟಿ, ಸ್ಕ್ಯಾನ್ ಮಾಡಿದ ಹಳೆಯ ಕಡತಗಳು ಬಹುಮಟ್ಟಿಗೆ ಲ್ಯಾಪ್‌ಟಾಪ್‌ನಲ್ಲಿಯೇ ಉಳಿಯುತ್ತವೆ. ಇವುಗಳ ಪ್ರತಿಯನ್ನು ಕಚೇರಿಯ ಮತ್ತೊಂದು ಗಣಕಯಂತ್ರದಲ್ಲಿ ತಾನಾಗಿಯೇ ಸಂಗ್ರಹಿಸಲು ಬ್ಯಾಕಪ್ ತಂತ್ರಾಂಶವನ್ನು ಬಳಸಲಾಗುತ್ತದೆ. ಉಚಿತವಾಗಿ ದೊರೆಯುವ ಯುಆರ್‌ಬ್ಯಾಕಪ್ ಅಂತಹ ಒಂದು ತಂತ್ರಾಂಶವಾಗಿದ್ದು, ಈ ಪಾಠದಲ್ಲಿ ಅದನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ.

ಲ್ಯಾಪ್‌ಟಾಪ್ ಪತ್ತೆಯಾಗದಿದ್ದಲ್ಲಿ ತಂತ್ರಾಂಶವು ಸದ್ದಿಲ್ಲದೆ ಕಾಯುತ್ತದೆ. ಹಳೆಯ ಪ್ರತಿ ಹಾಗೆಯೇ ಇರುವುದರಿಂದ ಬ್ಯಾಕಪ್ ನಡೆಯುತ್ತಿದೆ ಎಂದೇ ಎಲ್ಲರೂ ಭಾವಿಸುತ್ತಾರೆ. ಮಾರ್ಚ್ ತಿಂಗಳಲ್ಲಿ ಹಾರ್ಡ್ ಡಿಸ್ಕ್ ಕೆಟ್ಟಿತೆಂದೂ ಕೊನೆಯ ಪ್ರತಿ ಡಿಸೆಂಬರ್ ತಿಂಗಳದ್ದೆಂದೂ ಭಾವಿಸೋಣ. ನಡುವಿನ ಅವಧಿಯಲ್ಲಿ ಬಡ ಕುಟುಂಬಗಳು ಸಲ್ಲಿಸಿದ ಅರ್ಜಿಗಳ ಪಟ್ಟಿ ಇಲ್ಲವಾದರೆ ನಷ್ಟ ಆ ಕುಟುಂಬಗಳದ್ದು.

ಪತ್ತೆಯಾಗುವ ಬಗೆ

ಸರ್ವರ್ ಗಣಕಯಂತ್ರವು ಆಗಾಗ್ಗೆ ನೆಟ್‌ವರ್ಕ್‌ನಲ್ಲಿ ಡಂಗುರ ಸಾರಿದಂತೆ ಒಂದು ಕರೆಯನ್ನು ಹೊರಡಿಸುತ್ತದೆ. ಕರೆ ಕೇಳಿದ ಲ್ಯಾಪ್‌ಟಾಪ್ ತನ್ನ ಹೆಸರನ್ನು ತಿಳಿಸುತ್ತದೆ. ಊರಿನ ಡಂಗುರ ಪಕ್ಕದ ಊರಿಗೆ ಕೇಳಿಸದಂತೆ, ಈ ಕರೆಯೂ ಸಾಮಾನ್ಯವಾಗಿ ರೂಟರ್‌ನ ಗಡಿಯನ್ನು ದಾಟುವುದಿಲ್ಲ. ಯುಆರ್‌ಬ್ಯಾಕಪ್‌ನಲ್ಲಿ ಲ್ಯಾಪ್‌ಟಾಪ್ ಈ ಕರೆಯನ್ನು ಯುಡಿಪಿ 35622 ಪೋರ್ಟ್‌ನಲ್ಲಿ ಆಲಿಸುತ್ತದೆ. ಅನಂತರದ ಆದೇಶ ಹಾಗೂ ಕಡತಗಳ ರವಾನೆಗೆ ಟಿಸಿಪಿ 35621 ಮತ್ತು 35623 ಪೋರ್ಟ್‌ಗಳು ತೆರೆದಿರಬೇಕು.

ಪರಿಶೀಲನಾ ಕ್ರಮ

ಸುಲಭವಾದುದನ್ನು ಮೊದಲು ನೋಡಿ, ಈ ಕೆಳಗಿನ ಕ್ರಮದಲ್ಲಿಯೇ ಮುಂದುವರಿಯತಕ್ಕದ್ದು.

1. ಲ್ಯಾಪ್‌ಟಾಪ್ ಚಾಲನೆಯಲ್ಲಿದೆಯೇ? ಮುಚ್ಚಳ ಮುಚ್ಚಿ ನಿದ್ರಾಸ್ಥಿತಿಯಲ್ಲಿರುವ ಯಂತ್ರವು ಕರೆಗೆ ಉತ್ತರಿಸದು. ಬ್ಯಾಕಪ್ ವೇಳೆಯನ್ನು ರಾತ್ರಿಗೆ ನಿಗದಿಪಡಿಸಿ, ಸಂಜೆ ಲ್ಯಾಪ್‌ಟಾಪನ್ನು ಮನೆಗೆ ಕೊಂಡೊಯ್ದರೆ ಪ್ರತಿ ಎಂದಿಗೂ ಆಗುವುದಿಲ್ಲ. ವೇಳೆಯನ್ನು ಕಚೇರಿ ಸಮಯಕ್ಕೆ ಬದಲಿಸುವುದು.

2. ಎರಡೂ ಯಂತ್ರಗಳು ಒಂದೇ ನೆಟ್‌ವರ್ಕ್‌ನಲ್ಲಿವೆಯೇ? ಕಚೇರಿಯ ಇಂಟರ್ನೆಟ್ ಕೈಕೊಟ್ಟಾಗ ಮೊಬೈಲ್ ಹಾಟ್‌ಸ್ಪಾಟ್‌ಗೆ ಜೋಡಿಸಿದ ಲ್ಯಾಪ್‌ಟಾಪ್ ಬೇರೆ ನೆಟ್‌ವರ್ಕ್‌ನಲ್ಲಿರುತ್ತದೆ. ಕಮ್ಯಾಂಡ್ ಪ್ರಾಂಪ್ಟ್‌ನಲ್ಲಿ ಐಪಿಕಾನ್ಫಿಗ್ ಆದೇಶ ನೀಡಿ ಎರಡೂ ಯಂತ್ರಗಳ ವಿಳಾಸ ನೋಡುವುದು. ಸಬ್‌ನೆಟ್ ಮಾಸ್ಕ್ 255.255.255.0 ಆಗಿದ್ದಲ್ಲಿ ವಿಳಾಸದ ಮೊದಲ ಮೂರು ಸಂಖ್ಯೆಗಳು ಒಂದೇ ಆಗಿರಬೇಕು. ವಿಳಾಸವು 169.254 ಎಂದು ಆರಂಭವಾದರೆ ರೂಟರ್‌ನಿಂದ ವಿಳಾಸವೇ ದೊರೆತಿಲ್ಲವೆಂದು ತಿಳಿಯುವುದು.

3. ಅತಿಥಿ ವೈಫೈ ಬಳಕೆಯಾಗುತ್ತಿದೆಯೇ? ಅನೇಕ ರೂಟರ್‌ಗಳು ಅತಿಥಿ ವೈಫೈನಲ್ಲಿರುವ ಯಂತ್ರಗಳು ಕಚೇರಿಯ ಇತರ ಯಂತ್ರಗಳನ್ನು ಸಂಪರ್ಕಿಸದಂತೆ ತಡೆಯುತ್ತವೆ. ಇಂಟರ್ನೆಟ್ ನಡೆಯುತ್ತಿದ್ದರೂ ಬ್ಯಾಕಪ್ ಆಗದಿರಲು ಇದೊಂದು ಕಾರಣ.

4. ಲ್ಯಾಪ್‌ಟಾಪ್‌ನಲ್ಲಿ ಬ್ಯಾಕಪ್ ತಂತ್ರಾಂಶದ ಸೇವೆ ನಡೆಯುತ್ತಿದೆಯೇ? ವಿಂಡೋಸ್‌ನ ಸರ್ವಿಸಸ್ ಪಟ್ಟಿಯಲ್ಲಿ ಅದು ನಿಂತಿದ್ದರೆ ಪುನಃ ಆರಂಭಿಸುವುದು.

5. ಫೈರ್‌ವಾಲ್ ತಡೆಯುತ್ತಿದೆಯೇ? ವಿಂಡೋಸ್‌ನಲ್ಲಿ ಕಚೇರಿಯ ನೆಟ್‌ವರ್ಕ್ 'ಪಬ್ಲಿಕ್' ಎಂದು ಗುರುತಾಗಿದ್ದರೆ 'ಪ್ರೈವೇಟ್' ಎಂದು ಬದಲಿಸಿ, ಬ್ಯಾಕಪ್ ತಂತ್ರಾಂಶಕ್ಕೆ ಮಾತ್ರ ಅನುಮತಿ ನೀಡುವುದು. ಯಾವ ಕಾರಣಕ್ಕೂ ಫೈರ್‌ವಾಲ್ ಅನ್ನು ಪೂರ್ಣವಾಗಿ ನಿಷ್ಕ್ರಿಯಗೊಳಿಸಬಾರದು.

6. ಯಂತ್ರದ ಹೆಸರು ಬದಲಾಗಿದೆಯೇ? ಹೆಸರು ಬದಲಾದ ಲ್ಯಾಪ್‌ಟಾಪ್ ಪಟ್ಟಿಯಲ್ಲಿ ಹೊಸ ಯಂತ್ರವಾಗಿ ಸೇರುತ್ತದೆ; ಹಳೆಯ ಹೆಸರಿನ ಮುಂದೆ ಹಳೆಯ ದಿನಾಂಕವೇ ಉಳಿಯುತ್ತದೆ. ಎರಡು ಲ್ಯಾಪ್‌ಟಾಪ್‌ಗಳಿಗೆ ಒಂದೇ ಹೆಸರಿದ್ದರೂ ಗೊಂದಲವಾಗುವುದು.

ಇಷ್ಟಾದರೂ ಪತ್ತೆಯಾಗದಿದ್ದಲ್ಲಿ, ರೂಟರ್‌ನಲ್ಲಿ ಆ ಲ್ಯಾಪ್‌ಟಾಪ್‌ಗೆ ಸ್ಥಿರ ವಿಳಾಸವನ್ನು ಕಾಯ್ದಿರಿಸಿ, ಆ ವಿಳಾಸವನ್ನು ಸರ್ವರ್‌ನಲ್ಲಿ ನೇರವಾಗಿ ನಮೂದಿಸಬಹುದು.

ಸದಸ್ಯರ ಪಾತ್ರ

ಮೇಲಿನ ಪರಿಶೀಲನೆಯನ್ನು ಪಂಚಾಯತಿ ಅಭಿವೃದ್ಧಿ ಅಧಿಕಾರಿಯವರ ಸೂಚನೆಯಂತೆ ಡೇಟಾ ಎಂಟ್ರಿ ಆಪರೇಟರ್ ಕೈಗೊಳ್ಳಬಹುದು. ಸದಸ್ಯರು ಯಂತ್ರವನ್ನು ಮುಟ್ಟಬೇಕಾಗಿಲ್ಲ. ಆದರೆ "ಬ್ಯಾಕಪ್ ಇದೆಯೇ?" ಎಂದಷ್ಟೇ ಕೇಳಿದರೆ "ಇದೆ" ಎಂಬ ಉತ್ತರವಷ್ಟೇ ಬರುತ್ತದೆ. ಆದ್ದರಿಂದ ಪ್ರತಿ ಸಾಮಾನ್ಯ ಸಭೆಯಲ್ಲಿ ಈ ಮೂರು ಪ್ರಶ್ನೆಗಳನ್ನು ಕೇಳುವುದು ಸೂಕ್ತ:

ಅ) ಕಚೇರಿಯಲ್ಲಿರುವ ಲ್ಯಾಪ್‌ಟಾಪ್‌ಗಳೆಷ್ಟು? ಬ್ಯಾಕಪ್ ಪಟ್ಟಿಯಲ್ಲಿರುವವು ಎಷ್ಟು?

ಆ) ಪ್ರತಿಯೊಂದರ ಕೊನೆಯ ಬ್ಯಾಕಪ್ ನಡೆದ ದಿನಾಂಕ ಯಾವುದು?

ಇ) ಪ್ರತಿಯಿಂದ ಒಂದು ಕಡತವನ್ನು ಹಿಂಪಡೆದು ತೆರೆದು ನೋಡಲಾಗಿದೆಯೇ?

ದಿನಾಂಕವು ಒಂದು ವಾರಕ್ಕಿಂತ ಹಳೆಯದಾಗಿದ್ದರೆ ಕಾರಣವನ್ನು ನಡವಳಿಯಲ್ಲಿ ದಾಖಲಿಸಿ, ಮುಂದಿನ ಸಭೆಯೊಳಗೆ ಸರಿಪಡಿಸಲು ಕೋರುವುದು. ಪಟ್ಟಿಯಲ್ಲಿ ಲ್ಯಾಪ್‌ಟಾಪ್‌ನ ಹೆಸರು ಇದ್ದ ಮಾತ್ರಕ್ಕೆ ಅದರ ಪ್ರತಿ ಆಗುತ್ತಿದೆ ಎಂದಲ್ಲ. ದಿನಾಂಕವೇ ಅದಕ್ಕೆ ಪ್ರಮಾಣ.