ಆರೋಗ್ಯ ಪಾಠ: ಮೂಳೆ ನಮ್ಮ ಉಳಿತಾಯ, ರಕ್ತ ನಮ್ಮ ಕೈನಗದು



ಸೊಂಟ ನೋವು, ಮೈಕೈ ನೋವು, ಕಾಲು ಸೆಳೆತ ಇಲ್ಲದ ಹೆಂಗಸರು ನಮ್ಮ ಸಂಘಗಳಲ್ಲಿ ಕಡಿಮೆ. "ಕ್ಯಾಲ್ಸಿಯಂ ಕಮ್ಮಿಯಾಗಿರಬೇಕು" ಅಂತ ನಾವೇ ತೀರ್ಮಾನ ಮಾಡಿ ಮೆಡಿಕಲ್ ಸ್ಟೋರಿನಿಂದ ಮಾತ್ರೆ ತಂದು ನುಂಗುತ್ತೇವೆ. ಅದಕ್ಕೂ ಮೊದಲು ನಮ್ಮ ದೇಹ ಕ್ಯಾಲ್ಸಿಯಂ ಲೆಕ್ಕವನ್ನು ಹೇಗೆ ಇಡುತ್ತೆ ಅಂತ ತಿಳಿದುಕೊಳ್ಳೋಣ.

ದೇಹದ ಲೆಕ್ಕಪತ್ರ

ದೊಡ್ಡವರ ಮೈಯಲ್ಲಿ ಸುಮಾರು 1 ಕಿಲೋ ಕ್ಯಾಲ್ಸಿಯಂ ಇರುತ್ತೆ. ಅದರಲ್ಲಿ 100ಕ್ಕೆ 99 ಪಾಲು ಮೂಳೆ ಮತ್ತು ಹಲ್ಲಿನಲ್ಲಿದೆ. ಇದು ಬ್ಯಾಂಕಿನಲ್ಲಿಟ್ಟ ಉಳಿತಾಯದ ಹಾಗೆ. ರಕ್ತದಲ್ಲಿ ಇರೋದು ತೀರಾ ಸ್ವಲ್ಪ. ಅದು ದಿನನಿತ್ಯದ ಕೈನಗದು. ಹೃದಯ ಬಡಿಯಲು, ಸ್ನಾಯು ಆಡಲು, ನರಗಳು ಕೆಲಸ ಮಾಡಲು, ಗಾಯದ ರಕ್ತ ಹೆಪ್ಪುಗಟ್ಟಲು ಈ ಕೈನಗದು ಸದಾ ಬೇಕು. ಆದ್ದರಿಂದ ಅದು ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದು.

ಈ ಲೆಕ್ಕ ನೋಡಿಕೊಳ್ಳುವವರು ಕುತ್ತಿಗೆಯಲ್ಲಿ ಥೈರಾಯಿಡ್ ಹಿಂಬದಿ ಇರುವ 4 ಪುಟ್ಟ ಗ್ರಂಥಿಗಳು. ಇವುಗಳ ಹೆಸರು ಪ್ಯಾರಾಥೈರಾಯಿಡ್. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದ ಕೂಡಲೇ ಇವು ಒಂದು ಹಾರ್ಮೋನು ಕಳಿಸುತ್ತವೆ. ಆಗ ಮೂಳೆಯಿಂದ ಕ್ಯಾಲ್ಸಿಯಂ ಹೊರಗೆ ಬರುತ್ತೆ, ಮೂತ್ರದಲ್ಲಿ ಹೋಗೋದನ್ನು ಮೂತ್ರಪಿಂಡ ತಡೆಯುತ್ತೆ, ವಿಟಮಿನ್ ಡಿ ಚುರುಕಾಗಿ ಕರುಳು ಊಟದಿಂದ ಹೆಚ್ಚು ಕ್ಯಾಲ್ಸಿಯಂ ಹೀರಿಕೊಳ್ಳುತ್ತೆ. ರಕ್ತದಲ್ಲಿ ಮಟ್ಟ ಏರಿದರೆ ಈ ಗ್ರಂಥಿಗಳು ಸುಮ್ಮನಾಗುತ್ತವೆ.

ಇಲ್ಲೇ ಒಂದು ಮುಖ್ಯ ವಿಷಯ ಇದೆ. ಊಟದಲ್ಲಿ ಸಾಲದೆ ಹೋದರೆ ದೇಹ ಮೂಳೆಯ ಉಳಿತಾಯ ತೆಗೆದು ಖರ್ಚು ಮಾಡುತ್ತೆ. ರಕ್ತ ಪರೀಕ್ಷೆಯಲ್ಲಿ "ಕ್ಯಾಲ್ಸಿಯಂ ನಾರ್ಮಲ್" ಅಂತ ಬರಬಹುದು, ಆದರೆ ಒಳಗೆ ಮೂಳೆ ಸವೆಯುತ್ತಿರಬಹುದು. ಪೆಟ್ಟಿಗೆಯಲ್ಲಿ ದುಡ್ಡಿದೆ ಅಂದ ಮಾತ್ರಕ್ಕೆ ಪಾಸ್‌ಬುಕ್ಕಿನಲ್ಲೂ ಇದೆ ಅಂತ ಅಲ್ಲವಲ್ಲ!

ಲೆಕ್ಕ ತಪ್ಪಿದಾಗ

ರಕ್ತದಲ್ಲಿ ಕಡಿಮೆಯಾದರೆ: ಬಾಯಿ ಸುತ್ತ, ಬೆರಳ ತುದಿಯಲ್ಲಿ ಜುಮ್ಮೆನ್ನುತ್ತೆ. ಕೈಬೆರಳು ಸೆಟೆದುಕೊಳ್ಳುತ್ತೆ, ಸ್ನಾಯು ಸೆಳೆಯುತ್ತೆ. ತೀರಾ ಕಡಿಮೆಯಾದರೆ ಫಿಟ್ಸ್ ಬರುತ್ತೆ. ಥೈರಾಯಿಡ್ ಆಪರೇಷನ್ ಆದವರಲ್ಲಿ ಇದು ಕಾಣಿಸಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ರಕ್ತದಲ್ಲಿ ಹೆಚ್ಚಾದರೆ: ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ಮಲಬದ್ಧತೆ, ವಾಂತಿ, ಮಂಕು. ಮೂತ್ರಪಿಂಡದಲ್ಲಿ ಕಲ್ಲೂ ಆಗಬಹುದು. ಪ್ಯಾರಾಥೈರಾಯಿಡ್ ಗ್ರಂಥಿಯಲ್ಲಿ ಗಡ್ಡೆಯಾದರೆ ಹೀಗಾಗುತ್ತೆ. ಡಾಕ್ಟರು ಹೇಳದೆ ವಿಟಮಿನ್ ಡಿ ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಹಾಕಿಸಿಕೊಂಡರೂ ಆಗುತ್ತೆ.

ಮೂಳೆಯಲ್ಲಿ ಕಡಿಮೆಯಾದರೆ: ಮಕ್ಕಳ ಕಾಲು ಬಾಗುತ್ತೆ. ದೊಡ್ಡವರಿಗೆ ಮೂಳೆ ಮೆದುವಾಗಿ ನೋವು ಬರುತ್ತೆ, ನೆಲದಿಂದ ಏಳಲು ಕಷ್ಟವಾಗುತ್ತೆ. ಮುಟ್ಟು ನಿಂತ ಮೇಲೆ ಮೂಳೆ ಬೇಗ ಸವೆಯುತ್ತೆ. ಬಚ್ಚಲಲ್ಲಿ ಜಾರಿ ಬಿದ್ದರೂ ಸೊಂಟದ ಮೂಳೆ ಮುರಿಯಬಹುದು. ಆಗ ಆಪರೇಷನ್ನಿಗೆ ಎಷ್ಟು ಸಾಲ ಮಾಡಬೇಕು, ಕೂಲಿ ಎಷ್ಟು ತಿಂಗಳು ಹೋಗುತ್ತೆ ಅಂತ ಯೋಚಿಸಿ.

ಗರ್ಭಕೋಶದ ಜೊತೆ ಅಂಡಾಶಯವನ್ನೂ ಚಿಕ್ಕ ವಯಸ್ಸಿನಲ್ಲಿ ತೆಗೆಸಿದವರಿಗೆ ಈ ಸವೆತ ಇನ್ನೂ ಬೇಗ ಶುರುವಾಗುತ್ತೆ. ಕಲಬುರಗಿ ಜಿಲ್ಲೆಯಲ್ಲಿ ಬಡ ಹೆಂಗಸರ ಗರ್ಭಕೋಶವನ್ನು ಅನಗತ್ಯವಾಗಿ ತೆಗೆದ ದೂರುಗಳು 2015ರ ಹೊತ್ತಿಗೆ ದೊಡ್ಡ ಸುದ್ದಿಯಾಗಿದ್ದವು. ಯಾರಾದರೂ "ತೆಗೆಸಿಬಿಡಿ" ಅಂದರೆ ಇನ್ನೊಬ್ಬ ಡಾಕ್ಟರನ್ನು ಕೇಳದೆ ಒಪ್ಪಬೇಡಿ.

ನಮ್ಮ ಅಡಿಗೆಮನೆಯ ಲೆಕ್ಕ

ಹೆಂಗಸರಿಗೆ ದಿನಕ್ಕೆ 1000 ಮಿಲಿಗ್ರಾಂ ಬೇಕು. ಹಾಲೂಡಿಸುವವರಿಗೆ ಮತ್ತು ಮುಟ್ಟು ನಿಂತವರಿಗೆ 1200.

• 100 ಗ್ರಾಂ ರಾಗಿ ಹಿಟ್ಟಿನ ಮುದ್ದೆ: ಸುಮಾರು 340
• ಒಂದು ಲೋಟ (200 ಮಿ.ಲೀ.) ಹಾಲು ಅಥವಾ ಅಷ್ಟೇ ಮೊಸರು: ಸುಮಾರು 240
• ಒಂದು ಹಿಡಿ (50 ಗ್ರಾಂ) ನುಗ್ಗೆಸೊಪ್ಪು: ಸುಮಾರು 150
• ಒಂದು ದೊಡ್ಡ ಚಮಚ ಎಳ್ಳು: ಸುಮಾರು 120

ಇವೆಲ್ಲ ಸೇರಿ 850. ರಾತ್ರಿ ಇನ್ನೊಂದು ಮುದ್ದೆ ತಿಂದರೆ ಸಾವಿರ ದಾಟುತ್ತೆ. ಅನ್ನ ಮಾತ್ರ ತಿಂದರೆ ಇದರ ಹತ್ತಿರಕ್ಕೂ ಬರೋದಿಲ್ಲ. ರಾಗಿಯನ್ನು ಮೊಳಕೆ ಕಟ್ಟಿ ಅಥವಾ ಹುಳಿ ಬರಿಸಿ ಅಂಬಲಿ ಮಾಡಿದರೆ ಅದರ ಸತ್ವ ಮೈಗೆ ಚೆನ್ನಾಗಿ ಹತ್ತುತ್ತೆ. ಪಾಲಕ್ ಸೊಪ್ಪಿನ ಕ್ಯಾಲ್ಸಿಯಂ ಮಾತ್ರ ಮೈಗೆ ಸರಿಯಾಗಿ ಸೇರೋದಿಲ್ಲ.

ನಮ್ಮ ರಾಜ್ಯದ ಶಾಲೆಗಳಲ್ಲಿ 2013ರಿಂದ ಕ್ಷೀರಭಾಗ್ಯದ ಹಾಲು ಕೊಡುತ್ತಿದ್ದಾರೆ. 2024ರಲ್ಲಿ ರಾಗಿ ಮಾಲ್ಟ್ ಕೂಡ ಸೇರಿತು. ಮಕ್ಕಳಿಗೆ ಸಿಕ್ಕಿತು, ಸರಿ. ಮನೆಯಲ್ಲಿ ಗಂಡ ಮಕ್ಕಳಿಗೆ ಹಾಲು ಬಗ್ಗಿಸಿ, ಉಳಿದ ಪಾತ್ರೆ ತೊಳೆದ ನೀರಿಗೆ ಟೀ ಪುಡಿ ಹಾಕಿ ಕುಡಿಯುವ ತಾಯಿಗೆ ಏನು ಸಿಕ್ಕಿತು?

ಬಿಸಿಲು

ಬಿಸಿಲು ಬೀಳದಿದ್ದರೆ ಚರ್ಮದಲ್ಲಿ ವಿಟಮಿನ್ ಡಿ ತಯಾರಾಗೋದಿಲ್ಲ. ಅದು ಇಲ್ಲದಿದ್ದರೆ ತಿಂದ ಕ್ಯಾಲ್ಸಿಯಂ ಬಹುಪಾಲು ವ್ಯರ್ಥ. ಶಿವಾಜಿನಗರ, ಹಲಸೂರಿನ ಗಲ್ಲಿಗಳಲ್ಲಿ ಗೋಡೆಗೆ ಗೋಡೆ ತಾಗಿದ ಮನೆಗಳು. ಕೆ.ಆರ್. ಪುರ ಕಡೆಯ ಅಕ್ಕತಂಗಿಯರು ಬೆಳಿಗ್ಗೆಯಿಂದ ಸಂಜೆವರೆಗೂ ಗಾರ್ಮೆಂಟ್ಸ್ ಒಳಗೆ. ಮುಂಜಾನೆಯ ಎಳೆಬಿಸಿಲು ಹಿತ, ಆದರೆ ಈ ಕೆಲಸಕ್ಕೆ ಸಾಲದು. 11ರಿಂದ 3 ಗಂಟೆಯೊಳಗೆ ಮಹಡಿ ಮೇಲೋ ರಸ್ತೆ ಬದಿಯೋ ಮುಖ, ಕೈಕಾಲಿಗೆ ಸುಮಾರು ಅರ್ಧ ಗಂಟೆ ಬಿಸಿಲು ಬೀಳಲಿ. ಊಟದ ಬಿಡುವಿನಲ್ಲೂ ಇದು ಆಗುತ್ತೆ. ಕಿಟಕಿ ಗಾಜಿನ ಹಿಂದೆ ಕೂತರೆ ಪ್ರಯೋಜನವಿಲ್ಲ.

ಮಾತ್ರೆಯ ವಿಷಯ

ಗರ್ಭಿಣಿಯರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕ್ಯಾಲ್ಸಿಯಂ ಮಾತ್ರೆ ಉಚಿತ. 14ನೇ ವಾರದಿಂದ ಹೆರಿಗೆಯಾಗಿ 6 ತಿಂಗಳವರೆಗೆ ದಿನಕ್ಕೆ 2 ಮಾತ್ರೆ, ಊಟದ ಜೊತೆ. ಬಸುರಿಯಲ್ಲಿ ಬಿಪಿ ಏರುವ ಅಪಾಯವೂ ಇದರಿಂದ ಕಡಿಮೆ. ಕಬ್ಬಿಣದ ಮಾತ್ರೆಯ ಜೊತೆಗೆ ಮಾತ್ರ ನುಂಗಬೇಡಿ, ಕನಿಷ್ಠ 2 ಗಂಟೆ ಅಂತರ ಇರಲಿ. ಉಳಿದವರು ಬೌರಿಂಗ್ ಆಸ್ಪತ್ರೆ ಅಥವಾ ಇಂದಿರಾನಗರದ ಸರ್ ಸಿ.ವಿ. ರಾಮನ್ ಆಸ್ಪತ್ರೆಯಲ್ಲಿ ತೋರಿಸಿಕೊಂಡು, ಡಾಕ್ಟರು ಹೇಳಿದಷ್ಟೇ ತೆಗೆದುಕೊಳ್ಳಿ.

ಸಂಘದಲ್ಲಿ ಚರ್ಚಿಸಿ

1. ನಿನ್ನೆ ನಾವು ತಿಂದದ್ದರಲ್ಲಿ ಎಷ್ಟು ಕ್ಯಾಲ್ಸಿಯಂ ಇತ್ತು? ಪ್ರತಿಯೊಬ್ಬರೂ ಲೆಕ್ಕ ಹಾಕಿ.
2. ನಮ್ಮ ಮನೆಯಲ್ಲಿ ಹಾಲು ಯಾರ ಲೋಟಕ್ಕೆ ಮೊದಲು, ಯಾರ ಲೋಟಕ್ಕೆ ಕೊನೆಗೆ?
3. ಒಟ್ಟಿಗೆ ರಾಗಿ ಕೊಂಡು ಮೊಳಕೆ ಹಿಟ್ಟು ಮಾಡಿಸಿ ಹಂಚಿಕೊಂಡರೆ ಎಷ್ಟು ಉಳಿಯುತ್ತೆ?

ವಾರ ವಾರ ಸಂಘಕ್ಕೆ ಉಳಿತಾಯ ಕಟ್ಟೋದನ್ನು ನಾವು ತಪ್ಪಿಸೋದಿಲ್ಲ. ಮೂಳೆಯ ಖಾತೆಗೂ ದಿನಾ ಸ್ವಲ್ಪ ಕಟ್ಟೋಣ.