ಆರೋಗ್ಯ ಪ್ರಶ್ನೋತ್ತರ: ಕಾಳು ತಿಂದು ಮೈಕಟ್ಟು ಬರುತ್ತದೆಯೇ?

ಪ್ರಶ್ನೆ: ನನಗೆ 22 ವರ್ಷ, ತೂಕ 60 ಕೆ.ಜಿ. ಸಸ್ಯಾಹಾರಿ, ಮೊಟ್ಟೆಯೂ ಇಲ್ಲ. ಆರು ತಿಂಗಳಿಂದ ಜಿಮ್‌ಗೆ ಹೋಗುತ್ತಿದ್ದೇನೆ. ವೇ ಪ್ರೋಟೀನ್ ಪೌಡರ್ ಇಲ್ಲದೆ ಕಾಳುಬೇಳೆಯಿಂದ ಏನೂ ಆಗದು ಎನ್ನುತ್ತಾರೆ ಟ್ರೇನರ್. ಹಾಲು ಕುಡಿದರೆ ನನಗೆ ಹೊಟ್ಟೆ ಉಬ್ಬರಿಸುತ್ತದೆ. ಸೋಯಾ ತಿಂದರೆ ಗಂಡಸರ ಹಾರ್ಮೋನ್ ಇಳಿಯುತ್ತದಂತೆ, ನಿಜವೇ ಡಾಕ್ಟರೇ?
– ಓದುಗ, ಜನ್ನಾಪುರ, ಭದ್ರಾವತಿ

ಉತ್ತರ: ಟ್ರೇನರ್ ಮಾತಿನಲ್ಲಿ ಅರ್ಧ ನಿಜವಿದೆ. ಮನೆಯಲ್ಲಿ ಹಾಲೊಡೆಸಿ ಪನೀರ್ ಮಾಡಿದಾಗ ಬಟ್ಟೆಯಿಂದ ಇಳಿಯುವ ಹಳದಿ ನೀರಿದೆಯಲ್ಲ, ಅದಕ್ಕೇ ವೇ ಎನ್ನುವುದು. ವೇ ಪ್ರೋಟೀನ್ ಬೇಗ ಜೀರ್ಣವಾಗುತ್ತದೆ. ಸ್ನಾಯು ಬೆಳೆಯಲು ಚಾಲನೆ ಕೊಡುವ ಲ್ಯೂಸಿನ್ ಎಂಬ ಅಮೈನೊ ಆಮ್ಲ (ಪ್ರೋಟೀನಿನ ಘಟಕ) ಅದರಲ್ಲಿ ಹೆಚ್ಚು. ಇಂಥದೇ ಅಮೈನೊ ಆಮ್ಲಗಳಲ್ಲಿ ಮೆಥಿಯೋನಿನ್ ಕಾಳಿನಲ್ಲಿ ಕಡಿಮೆ, ಲೈಸಿನ್ ಅಕ್ಕಿಯಲ್ಲಿ ಕಡಿಮೆ. ಆದರೆ ದಿನವೂ ಎರಡನ್ನೂ ಉಣ್ಣುವ ನಮಗೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಬ್ರೆಜಿಲ್‌ನ ಸಾವೊ ಪೌಲೊದಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶುದ್ಧ ಸಸ್ಯಾಹಾರದ ಜೊತೆ ಸೋಯಾ ಪ್ರೋಟೀನ್ ತೆಗೆದುಕೊಂಡ ಯುವಕರೂ, ಮಿಶ್ರಾಹಾರದ ಜೊತೆ ವೇ ತೆಗೆದುಕೊಂಡವರೂ 12 ವಾರ ಕಾಲಿನ ವ್ಯಾಯಾಮ ಮಾಡಿದರು. ಎರಡೂ ಗುಂಪಿನವರ ಸ್ನಾಯುವೂ ಬಲವೂ ಸರಿಸುಮಾರು ಒಂದೇ ಸಮ ಬೆಳೆದವು. ಎರಡೂ ಗುಂಪಿಗೆ ಸಿಕ್ಕ ಒಟ್ಟು ಪ್ರೋಟೀನ್ ಸಮಾನ: ಕೆ.ಜಿ. ತೂಕಕ್ಕೆ ದಿನಕ್ಕೆ 1.6 ಗ್ರಾಂ.

ಸಾಮಾನ್ಯರಿಗೆ ಕೆ.ಜಿ.ಗೆ 0.83 ಗ್ರಾಂ ಸಾಕು. ಭಾರ ಎತ್ತುವ ನಿಮಗೆ 1.6ರ ಲೆಕ್ಕದಲ್ಲಿ 96 ಗ್ರಾಂ. ನಮ್ಮ ಊಟ ಸೋಲುವುದು ಇಲ್ಲೇ. ಭದ್ರಾ ಕಾಲುವೆಯ ಸೀಮೆಯಲ್ಲಿ ತಟ್ಟೆ ತುಂಬ ಅನ್ನ, ಮೇಲೆ ತಿಳಿಸಾರು. ಹುರುಳಿ ಕಟ್ಟಿನ ಸಾರು ಉಂಡರೆ ಪ್ರೋಟೀನ್ ಸಿಕ್ಕಿತೆಂದುಕೊಳ್ಳುತ್ತೇವೆ. ಅದರ ಹೆಚ್ಚಿನ ಪಾಲು ಬಸಿದಿಟ್ಟ ಕಾಳಿನಲ್ಲೇ ಉಳಿದಿರುತ್ತದೆ. ಆ ಕಾಳನ್ನು ಪಲ್ಯ, ಉಸಲಿ ಮಾಡಿಸಿ ತಿನ್ನಿ.

ದಿನಕ್ಕೆ ಒಣತೂಕದಲ್ಲಿ 100 ಗ್ರಾಂ ಹುರುಳಿ ಅಥವಾ ಹೆಸರುಕಾಳು (ಸುಮಾರು 22 ಗ್ರಾಂ ಪ್ರೋಟೀನ್), 50 ಗ್ರಾಂ ಸೋಯಾ ಚಂಕ್ಸ್ (25), 50 ಗ್ರಾಂ ಶೇಂಗಾ (12), ಅರ್ಧ ಲೀಟರ್ ಮೊಸರು (16), ಜೊತೆಗೆ ಅಕ್ಕಿ, ರಾಗಿ, ಗೋಧಿಯಿಂದ ಇಪ್ಪತ್ತು ಗ್ರಾಂ. ಲೆಕ್ಕ ಹೆಚ್ಚುಕಡಿಮೆ ಮುಟ್ಟಿತು. ಮೂರು-ನಾಲ್ಕು ಹೊತ್ತಿಗೆ ಹಂಚಿಕೊಳ್ಳಿ. ಕಾಳನ್ನು ರಾತ್ರಿ ನೆನೆಸಿ, ಮೊಳಕೆ ಕಟ್ಟಿಸಿ ಬೇಯಿಸಿದರೆ ವಾಯುವೂ ಕಡಿಮೆ.

ಹಾಲು ಒಗ್ಗದಿರುವುದು ಲ್ಯಾಕ್ಟೋಸ್ ಎಂಬ ಸಕ್ಕರೆಯಿಂದ ಇರಬಹುದು; ನಮ್ಮಲ್ಲಿ ಬಹಳ ಜನರಿಗೆ ಹೀಗಾಗುತ್ತದೆ. ಮೊಸರು, ಪನೀರಿನಲ್ಲಿ ಅದು ಕಡಿಮೆ, ಪ್ರೋಟೀನ್ ಮಾತ್ರ ಅಷ್ಟೇ ಒಳ್ಳೆಯದು. ಹಾಲಿನ ಪದಾರ್ಥಗಳನ್ನು ಪೂರ್ತಿ ಬಿಟ್ಟುಬಿಡಬೇಡಿ.

ಸೋಯಾ ಬಗ್ಗೆ ಹೆದರಿಕೆ ಬೇಡ. ಊಟದ ಪ್ರಮಾಣದಲ್ಲಿ ತಿಂದರೆ ಗಂಡಸರ ಟೆಸ್ಟೋಸ್ಟೆರೋನ್ ಇಳಿಯುವುದಿಲ್ಲವೆಂದು ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಗಳು ತೋರಿಸಿವೆ.

ಪೌಡರ್ ವಿಷವಲ್ಲ, ಅವಸರದ ದಿನ ಅನುಕೂಲ. ಆದರೆ ಆ ದುಡ್ಡಿಗೆ ಎಷ್ಟು ಕಾಳು ಬರುತ್ತದೆಂದು ಕಿರಾಣಿ ಅಂಗಡಿಯಲ್ಲಿ ಒಮ್ಮೆ ಕೇಳಿ ನೋಡಿ! ಕೊಳ್ಳುವುದೇ ಆದರೆ ಲ್ಯಾಕ್ಟೋಸ್ ಕಡಿಮೆಯಿರುವ ‘ಐಸೊಲೇಟ್’ ಕೊಳ್ಳಿ. ಮೂತ್ರಪಿಂಡದ ತೊಂದರೆಯಿದ್ದವರು ಮಾತ್ರ ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು. ಇನ್ನು, ಬಿ12 ಜೀವಸತ್ವ ಕಾಳಿನಲ್ಲಿ ಇಲ್ಲ. ಹಾಲೂ ಒಗ್ಗದ ನೀವು ರಕ್ತಪರೀಕ್ಷೆಯಲ್ಲಿ ಅದನ್ನೊಮ್ಮೆ ನೋಡಿಸಿಕೊಳ್ಳಿ.